ಏರು ಮತ್ತು ಇಳಿತ

(ಬಾನುಲಿ ಭಾಷಣ)

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೆರೆಕಟ್ಟೆ ಎಂಬ ಊರಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ದಟ್ಟವಾದ ಕಾಡು ಅದನ್ನು ಸುತ್ತುವರಿದಿದೆ. ಊರನ್ನು ದಾಟಿ ಮುಂದೆ ಸಾಗಿದರೆ ಎಸ್. ಕೆ. ಬಾರ್ಡರ್ ಎಂದು ಜನ ಇಂದಿಗೂ ಕರೆಯುವ ಹಳೆಯ ದಕ್ಷಿಣ ಕನ್ನಡದ ಗಡಿ ಸಿಕ್ಕುತ್ತದೆ. ಅಲ್ಲಿಂದಾಚೆಗೆ ರಸ್ತೆ ಮಾಳ, ಬಜಗೋಳಿಗಳತ್ತ ಘಟ್ಟವನ್ನು ಇಳಿಯುತ್ತದೆ. ಕನ್ನಡ ಪಾಠ ಹೇಳುವುದೇ ವೃತ್ತಿಯಾಗಿದ್ದ ನನಗೆ ಈ ಊರಿನ ಹೆಸರು ಒಂದು ವಿಚಾರವನ್ನು ಸೂಚಿಸುತ್ತದೆ. ಕೆರೆಯೆಂದರೆ ನಿಲ್ಲಿಸಿದ ನೀರು. ಕಟ್ಟೆಯೆಂದರೆ ಅದನ್ನು ನಿಲ್ಲಿಸಿದ ಒಡ್ಡು. ಆ ಒಡ್ಡಿಗೆ ನಮ್ಮ ಭಾಷೆಯಲ್ಲಿ ‘ಏರಿ’ ಎಂಬ ಇನ್ನೊಂದು ಹೆಸರೂ ಉಂಟು. ಏರಿಯ ಕೆಲಸ ನೀರನ್ನು ಎತ್ತರದಲ್ಲಿ ಹಿಡಿದಿಡುವುದು. ಹಾಗೆ ಹಿಡಿದಿಟ್ಟ ನೀರು ತೂಬಿನಿಂದ ಹೊರಟರೆ ಗದ್ದೆ ಬೆಳೆಯುತ್ತದೆ. ಏರಿ ಒಡೆದು ಹೊರಟರೆ ಗದ್ದೆಯೂ ಉಳಿಯುವುದಿಲ್ಲ, ಮನೆಯೂ ಉಳಿಯುವುದಿಲ್ಲ. ಎತ್ತರವೆಂಬುದು ಒಂದು ಬಗೆಯ ಸಂಪತ್ತು. ಅದನ್ನು ಕೂಡಿಡುವುದಕ್ಕೂ ಖರ್ಚು ಮಾಡುವುದಕ್ಕೂ ಕಟ್ಟುನಿಟ್ಟಾದ ಲೆಕ್ಕ ಬೇಕು.

ಈ ಲೆಕ್ಕವನ್ನು ವಿನೋದದ ರೂಪದಲ್ಲಿ ನಮ್ಮ ಮುಂದಿಡುವ ಯಂತ್ರವೊಂದಿದೆ. ಅದೇ ರೋಲರ್ ಕೋಸ್ಟರ್. ಬೆಂಗಳೂರು–ಮೈಸೂರು ದಾರಿಯಲ್ಲಿ ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ಉದ್ಯಾನದಲ್ಲಿ ಇದನ್ನು ಅನೇಕರು ನೋಡಿದ್ದೀರಿ. ಮಲೆನಾಡಿನ ಶಾಲೆಗಳ ಮಕ್ಕಳೂ ಪ್ರವಾಸಕ್ಕೆಂದು ಅಲ್ಲಿಗೆ ಹೋಗಿಬರುತ್ತಾರೆ. ಉಕ್ಕಿನ ಹಳಿಯ ಮೇಲೆ ಒಂದು ಬಂಡಿಸಾಲು. ಅದರಲ್ಲಿ ಕಟ್ಟುಪಟ್ಟಿಯೊಳಗೆ ಕುಳಿತ ಜನ. ಬಂಡಿಯನ್ನು ಯಂತ್ರವು ಒಂದು ಎತ್ತರಕ್ಕೆ ಎಳೆದೊಯ್ದು ಬಿಡುತ್ತದೆ. ಅಲ್ಲಿಂದ ಮುಂದೆ ಎಂಜಿನ್ನೂ ಇಲ್ಲ, ಚಾಲಕನೂ ಇಲ್ಲ. ಕೂಗು, ಭಯ, ನಗು ಎಲ್ಲವೂ ಇಳಿತದಲ್ಲಿ. ಆದರೆ ಅದಕ್ಕೆ ಬೇಕಾದ ಮೂಲಧನವೆಲ್ಲ ಜಮೆಯಾಗುವುದು ಸದ್ದಿಲ್ಲದೆ ಕುಳಿತು ಮೇಲೇರುವ ಆ ಮೊದಲಿನ ಅರೆನಿಮಿಷದಲ್ಲಿ. ಆ ಏರನ್ನು ನಾನು ಏರುದಿಬ್ಬ ಎಂದು ಕರೆಯುತ್ತೇನೆ. ಏರುದಿಬ್ಬ ಮತ್ತು ಅದರ ಆಚೆಯ ಮೊದಲ ಇಳಿತ, ಇವೆರಡನ್ನು ಕುರಿತು ಇಂದು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಜಾರುವ ಆಟ ಮನುಷ್ಯನಿಗೆ ಬಹು ಹಳೆಯದು. ನಮ್ಮ ಮಕ್ಕಳು ಅಡಿಕೆಯ ಹಾಳೆಯ ಮೇಲೆ ಕುಳಿತು ದರೆಯನ್ನು ಜಾರುತ್ತಾರೆ. ರಷ್ಯಾದೇಶದವರು ಚಳಿಗಾಲದಲ್ಲಿ ಮರದ ಎತ್ತರವಾದ ಅಟ್ಟಣೆ ಕಟ್ಟಿ, ಅದರ ಇಳಿಜಾರಿನ ಮೇಲೆ ನೀರು ಸುರಿದು ಹೆಪ್ಪುಗಟ್ಟಿಸಿ, ಆ ಮಂಜಿನ ಮೇಲೆ ಜಾರುತ್ತಿದ್ದರು. 1817ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಮಂಜಿಗೆ ಬದಲಾಗಿ ಗಾಲಿಗಳೂ ಹಳಿಗಳೂ ಬಂದವು. ಆದರೆ ಇಂದಿನ ರೋಲರ್ ಕೋಸ್ಟರಿನ ಏರುದಿಬ್ಬ ಹುಟ್ಟಿದ್ದು ವಿನೋದದ ತೋಟದಲ್ಲಿ ಅಲ್ಲ, ಗಣಿಯಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಮೌಕ್ ಚಂಕ್ ಎಂಬಲ್ಲಿ 1827ರಲ್ಲಿ ಒಂದು ಹಳಿದಾರಿ ಮಾಡಿದರು. ಬೆಟ್ಟದ ಮೇಲಿನ ಕಲ್ಲಿದ್ದಲನ್ನು ತುಂಬಿದ ಬಂಡಿಗಳು ಸುಮಾರು 14 ಕಿಲೋಮೀಟರು ದೂರದ ನದೀತೀರಕ್ಕೆ ತಮ್ಮ ಭಾರದಿಂದಲೇ ಉರುಳಿ ಬರುತ್ತಿದ್ದವು. ಖಾಲಿ ಬಂಡಿಗಳನ್ನು ಮತ್ತೆ ಮೇಲಕ್ಕೆ ಎಳೆಯಲು ಹೇಸರಗತ್ತೆಗಳು. ಆ ಹೇಸರಗತ್ತೆಗಳೂ ಕೆಳಗಿಳಿಯುವಾಗ ಒಂದು ಬಂಡಿಯಲ್ಲಿ ನಿಂತೇ ಬರುತ್ತಿದ್ದವಂತೆ! 1840ರ ದಶಕದ ನಡುವಿನಲ್ಲಿ ಅವುಗಳ ಕೆಲಸವನ್ನು ಹಬೆಯಂತ್ರ ವಹಿಸಿಕೊಂಡಿತು. ಬೆಟ್ಟದ ತಲೆಯಲ್ಲಿ ನಿಂತ ಯಂತ್ರ ಕಡಿದಾದ ಏರಿನ ಮೇಲೆ ಬಂಡಿಗಳನ್ನು ಎಳೆದುಕೊಳ್ಳುತ್ತಿತ್ತು; ಎಳೆಯುವ ಪಟ್ಟಿ ತುಂಡಾದರೆ ಬಂಡಿ ಹಿಂದಕ್ಕೆ ಉರುಳಬಾರದೆಂದು ಹಳಿಗಳ ನಡುವೆ ಹಲ್ಲುಗಳುಳ್ಳ ಒಂದು ಪಟ್ಟಿಯನ್ನು ಹಾಸಿದ್ದರು. ಮುಂದೆ ಕಲ್ಲಿದ್ದಲಿಗೆ ಬೇರೆ ದಾರಿಯಾದ ಮೇಲೆ ಈ ಹಳಿಯ ಮೇಲೆ ಕಾಸು ಕೊಟ್ಟು ಕೂರುವ ಪ್ರವಾಸಿಗರು ಬಂದರು. 1930ರ ದಶಕದವರೆಗೂ ಅದು ನಡೆಯಿತು.

ಕೆರೆಕಟ್ಟೆಯ ನೆರೆಹೊರೆಯವರಿಗೆ ಈ ಕಥೆ ತೀರ ಅಪರಿಚಿತವೆನಿಸದು. ಕುದುರೆಮುಖದ ಗಣಿ ನಡೆಯುತ್ತಿದ್ದಷ್ಟು ಕಾಲ, ಎಂದರೆ 2005ರ ಕೊನೆಯವರೆಗೆ, ಅಲ್ಲಿಯ ಕಬ್ಬಿಣದ ಅದಿರು ನುಣ್ಣಗೆ ಅರೆಯಲ್ಪಟ್ಟು, ನೀರಿನೊಡನೆ ಕಲಸಿದ ರಾಡಿಯಾಗಿ, ಸುಮಾರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವನ್ನಿಳಿದು ಮಂಗಳೂರಿನ ಬಂದರನ್ನು ಸೇರುತ್ತಿತ್ತು. ಬೆಟ್ಟದ ಮೇಲಿನ ಸರಕು ಕಡಲಿನ ಕಡೆಗೆ ಇಳಿಯುವ ಈ ವ್ಯವಹಾರ ಅನೇಕ ದೇಶಗಳ ಗಣಿಗಳಲ್ಲಿ ಕಾಣುವಂಥದು.

1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಐದು ಸೆಂಟಿನ ದರವಿಟ್ಟು ಜಾರುಬಂಡಿಯೊಂದನ್ನು ತೆರೆದ. ಅದರ ವೇಗ ಗಂಟೆಗೆ ಬರಿಯ 10 ಕಿಲೋಮೀಟರು. ನಮ್ಮ ಬೈಸಿಕಲ್ಲೇ ಅದನ್ನು ಹಿಂದೆ ಹಾಕೀತು. ಅಲ್ಲಿ ಏರುದಿಬ್ಬವೂ ಇರಲಿಲ್ಲ. ಸವಾರರು ಮೆಟ್ಟಿಲು ಹತ್ತಿ ಅಟ್ಟಣೆ ಸೇರಿ ಬಂಡಿಯಲ್ಲಿ ಕೂರಬೇಕಾಗಿತ್ತು. ಮರುವರ್ಷವೇ ಫಿಲಿಪ್ ಹಿಂಕಲ್ ಎಂಬಾತ ಜನರನ್ನು ಕೂರಿಸಿಕೊಂಡ ಬಂಡಿಯನ್ನೇ ಯಂತ್ರದಿಂದ ಮೇಲಕ್ಕೆಳೆಯುವ ಏರ್ಪಾಡು ಮಾಡಿದ. ಆಗ ಗಣಿಯ ಏರು ವಿನೋದದ ಅಂಗಳಕ್ಕೆ ಬಂದಂತಾಯಿತು.

ಈಗ ಏರಿನ ಲೆಕ್ಕವನ್ನು ನೋಡೋಣ. ಜನರೂ ಸೇರಿ 8 ಟನ್ ತೂಗುವ ಒಂದು ಬಂಡಿಸಾಲನ್ನು 40 ಮೀಟರ್ ಎತ್ತರಕ್ಕೆ ಒಯ್ಯಬೇಕೆಂದು ಭಾವಿಸಿರಿ. ನೆಟ್ಟಗೆ ಎತ್ತಬೇಕಾದರೆ 8 ಟನ್ನಿನ ಭಾರವನ್ನೂ ಸರಪಳಿ ಹೊರಬೇಕು. 30 ಡಿಗ್ರಿಯ ಇಳಿಜಾರಿನ ಮೇಲೆ ಎಳೆದರೆ ಅದರ ಅರ್ಧ ಸಾಕು. ಆದರೆ ದಾರಿ ಎರಡರಷ್ಟಾಗಿ 80 ಮೀಟರ್ ಎಳೆಯಬೇಕಾಗುತ್ತದೆ. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆತ್ತಂತಾಯಿತು. ಘಟ್ಟದ ರಸ್ತೆ ನೆಟ್ಟಗೆ ಏರದೆ ಆಗುಂಬೆಯಲ್ಲಿ ಹದಿನಾಲ್ಕು ತಿರುವುಗಳನ್ನು ಹಾಕುವುದೂ ಇದೇ ವ್ಯಾಪಾರ. ಸರಪಳಿ ಸೆಕೆಂಡಿಗೆ 2 ಮೀಟರಿನಂತೆ ಸಾಗಿದರೆ ಶಿಖರ ಮುಟ್ಟಲು 40 ಸೆಕೆಂಡು ಬೇಕು. ಅಷ್ಟು ಹೊತ್ತು ಸುಮಾರು ನೂರು ಅಶ್ವಶಕ್ತಿಯ ಮೋಟಾರು ದುಡಿಯಬೇಕು. ಒಟ್ಟು ಖರ್ಚಾಗುವ ವಿದ್ಯುತ್ತೆಷ್ಟೆಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ: ಎತ್ತುವುದಕ್ಕೆ ಒಂದು ಯೂನಿಟ್ಟಿಗಿಂತಲೂ ಕಡಿಮೆ! ಯಂತ್ರದ ಸವಕಳಿಯನ್ನು ಸೇರಿಸಿದರೂ ಒಂದು ಯೂನಿಟ್ಟಿನ ಆಸುಪಾಸು. ನಮ್ಮ ಮನೆಯ ಮೀಟರಿನಲ್ಲಿ ಒಂದು ಅಂಕೆ ಸರಿಯುವಷ್ಟು ಶಕ್ತಿಯಿಂದ ಇಪ್ಪತ್ತು ಮೂವತ್ತು ಜನ ಪ್ರಾಣಭಯವನ್ನನುಭವಿಸಿ ಬರುತ್ತಾರೆ.

ಆ ವಿದ್ಯುತ್ತಾದರೂ ಎಲ್ಲಿಯದು? ಕರ್ನಾಟಕದ ವಿದ್ಯುತ್ತಿನಲ್ಲಿ ಒಂದು ಪಾಲು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ್ದು. ಲಿಂಗನಮಕ್ಕಿಯ ಕಟ್ಟೆ ಎತ್ತರದಲ್ಲಿ ಹಿಡಿದಿಟ್ಟ ನೀರು ಕೆಳಗೆ ಬೀಳುತ್ತ ಅದನ್ನು ಕೊಡುತ್ತದೆ. ಇದಕ್ಕೂ ಮೊದಲು, 1902ರಲ್ಲೇ, ಶಿವನಸಮುದ್ರದಲ್ಲಿ ಬಿದ್ದ ಕಾವೇರಿಯ ನೀರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳಿಸಿತ್ತು. ಒಂದೆಡೆಯ ಇಳಿತ ಇನ್ನೊಂದೆಡೆಯ ಏರಾಗುತ್ತದೆ. ಯಾವ ಏರೂ ಪುಕ್ಕಟೆಯಾಗಿ ಬರುವುದಿಲ್ಲ. ಎಲ್ಲೋ ಯಾವುದೋ ಒಂದು ಇಳಿದಿರಲೇಬೇಕು, ಇಲ್ಲವೇ ಉರಿದಿರಲೇಬೇಕು.

ಇನ್ನು ಎಳೆಯುವ ಬಗೆ. ಹಳಿಗಳ ನಡುವಿನ ದೋಣಿಯಂಥ ಕಾಲುವೆಯಲ್ಲಿ ದಪ್ಪನೆಯ ಸರಪಳಿ ಸುತ್ತುತ್ತಿರುತ್ತದೆ. ಬಂಡಿಯ ಹೊಟ್ಟೆಯಡಿ ಒಂದು ಕೊಕ್ಕೆ. ಅದು ಸರಪಳಿಯನ್ನು ಕಚ್ಚಿಕೊಂಡು ಮೇಲೇರುತ್ತದೆ. ಶಿಖರವನ್ನು ದಾಟಿದೊಡನೆ ಬಂಡಿಯ ವೇಗ ಸರಪಳಿಯ ವೇಗವನ್ನು ಮೀರುವುದರಿಂದ ಕೊಕ್ಕೆ ತಾನಾಗಿ ಕಳಚಿಕೊಳ್ಳುತ್ತದೆ. ಕೆಲವೆಡೆ ಸರಪಳಿಯ ಬದಲು ಉಕ್ಕಿನ ಹಗ್ಗವಿರುತ್ತದೆ. ಏರುದಿಬ್ಬವೇ ಇಲ್ಲದೆ, ನೆಲದ ಮೇಲೆಯೇ ಬಂಡಿಯನ್ನು ಬಾಣದಂತೆ ಚಿಮ್ಮಿ ಬಿಡುವ ಯಂತ್ರಗಳೂ ಬಂದಿವೆ. ಇವೆಲ್ಲ ಜಮೆ ಮಾಡುವ ರೀತಿಯಲ್ಲಿ ಬೇರೆಬೇರೆ, ಖಾತೆ ಒಂದೇ.

ಏರುವಾಗ ‘ಟಕ್ ಟಕ್ ಟಕ್’ ಎಂಬ ಸದ್ದು ಕೇಳಿಬರುತ್ತದೆ. ಅದನ್ನು ಸರಪಳಿಯ ಸದ್ದೆಂದು ಬಹಳ ಜನ ತಿಳಿದಿದ್ದಾರೆ. ಅದು ಬೇರೊಂದು ವಸ್ತುವಿನ ಸದ್ದು. ಮೌಕ್ ಚಂಕಿನಲ್ಲಿ ಕಂಡ ಹಲ್ಲುಪಟ್ಟಿಯೇ ಇಲ್ಲಿಯೂ ಇದೆ. ಬಂಡಿಗೆ ಅಳವಡಿಸಿದ ತಡೆಗೊಕ್ಕೆಯೊಂದು ಪಟ್ಟಿಯ ಒಂದೊಂದೇ ಹಲ್ಲನ್ನು ದಾಟಿ ಬೀಳುವಾಗ ಆಗುವ ಸದ್ದು ಅದು. ಮುಂದೆ ಹೋಗಲು ಈ ಕೊಕ್ಕೆಯ ಅಡ್ಡಿಯಿಲ್ಲ. ಹಿಂದೆ ಜಾರಲು ಮಾತ್ರ ಅದು ಬಿಡುವುದಿಲ್ಲ. ಸರಕು ಹೇರಿದ ಎತ್ತಿನ ಗಾಡಿ ಏರನ್ನು ಹತ್ತುವಾಗ ಎತ್ತುಗಳು ನಿಂತಲ್ಲೆಲ್ಲ ಗಾಲಿಯ ಹಿಂದೆ ಕಲ್ಲು ಕೊಡುತ್ತಿದ್ದ ಪದ್ಧತಿಯನ್ನು ಹಿರಿಯರು ಬಲ್ಲರು. ಈ ತಡೆಗೊಕ್ಕೆ ಹೆಜ್ಜೆಹೆಜ್ಜೆಗೂ ತಾನೇ ಕಲ್ಲು ಕೊಡುತ್ತ ಬರುವ ಆಳು. ಜಾನ್ ಮಿಲ್ಲರ್ ಎಂಬ ಅಮೆರಿಕದ ಶಿಲ್ಪಿ 1910ರ ವೇಳೆಗೆ ಇದರ ಸುಧಾರಿತ ರೂಪಕ್ಕೆ ಹಕ್ಕುಪತ್ರ ಪಡೆದ.

ಈ ಪುಟ್ಟ ಕೊಕ್ಕೆಯ ಬೆಲೆಯನ್ನು ಲಂಡನ್ನಿನ ಬ್ಯಾಟರ್ಸೀ ಉದ್ಯಾನ ಬಹು ಕ್ರೂರವಾಗಿ ಅರಿಯಿತು. 1972ನೆಯ ಇಸವಿಯ ಮೇ 30ರಂದು ಅಲ್ಲಿಯ ‘ಬಿಗ್ ಡಿಪ್ಪರ್’ ಎಂಬ ಮರದ ರೋಲರ್ ಕೋಸ್ಟರಿನ ಬಂಡಿಸಾಲು ಮೊದಲ ಏರಿನ ತುದಿಗೆ ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಎಳೆಯುವ ಹಗ್ಗದಿಂದ ಕಳಚಿಕೊಂಡಿತು. ಹಿಂದಕ್ಕೆ ಜಾರದಂತೆ ತಡೆಯಬೇಕಾದ ಏರ್ಪಾಡು ಕೆಲಸ ಮಾಡಲಿಲ್ಲ. ಬಂಡಿಗಳು ಹಿಮ್ಮುಖವಾಗಿ ಉರುಳಿ, ಒಂದು ಹಳಿ ತಪ್ಪಿತು. ಐವರು ಮಕ್ಕಳು ಪ್ರಾಣ ಕಳೆದುಕೊಂಡರು. ಬಳಿಕ ಆ ಯಂತ್ರವನ್ನೇ ಕಿತ್ತುಹಾಕಿದರು. ಗಮನಿಸಿರಿ: ಎಲ್ಲರೂ ಹೆದರುವ ಮೊದಲ ಇಳಿತದಲ್ಲಿ ಈ ಅನಾಹುತ ನಡೆಯಲಿಲ್ಲ. ನಿಧಾನವಾಗಿ, ನಿಶ್ಚಿಂತೆಯಿಂದ ಮೇಲೇರುತ್ತಿದ್ದ ಏರಿನಲ್ಲಿ ನಡೆಯಿತು. ಕೂಡಿಟ್ಟ ಎತ್ತರ ತೂಬನ್ನು ಬಿಟ್ಟು ಏರಿಯನ್ನೊಡೆದುಕೊಂಡು ಹೊರಟಿತು.

ಇನ್ನು ಶಿಖರದಾಚೆಗೆ ಬರೋಣ. ಮಲೆನಾಡಿನ ಮನೆಗಳಿಗೆ ಅಬ್ಬಿಯ ನೀರು ಬರುತ್ತಿದ್ದ ಕ್ರಮ ನಿಮಗೆ ಗೊತ್ತು. ಗುಡ್ಡದ ಮೇಲಿನ ಒರತೆಯಿಂದ ಅಡಿಕೆ ದಬ್ಬೆಗಳಲ್ಲಿ, ಈಚೆಗೆ ಕೊಳವೆಗಳಲ್ಲಿ, ನೀರು ಅಂಗಳಕ್ಕೆ ಇಳಿದು ಬರುತ್ತದೆ. ಕೊಳವೆಯನ್ನು ನಡುವೆ ಎಷ್ಟು ಬಾಗಿಸಿದರೂ, ಹಳ್ಳಕ್ಕಿಳಿಸಿ ಮತ್ತೆ ಮೇಲೆ ಹತ್ತಿಸಿದರೂ ನೀರು ಬರುತ್ತದೆ. ಆದರೆ ಒರತೆಗಿಂತ ಎತ್ತರದ ಜಾಗಕ್ಕೆ ಮಾತ್ರ ತಾನಾಗಿ ಏರದು. ರೋಲರ್ ಕೋಸ್ಟರಿನ ಎರಡನೆಯ ದಿಬ್ಬ ಮೊದಲನೆಯದಕ್ಕಿಂತ ತಗ್ಗಾಗಿರುವುದು ಈ ಕಾರಣಕ್ಕೇ. ಗಾಲಿಯ ಉಜ್ಜಾಟವೂ ಗಾಳಿಯ ತಡೆಯೂ ದಾರಿಯುದ್ದಕ್ಕೂ ಸುಂಕ ವಸೂಲು ಮಾಡುವುದರಿಂದ ಮೂರನೆಯದು, ನಾಲ್ಕನೆಯದು ಇನ್ನೂ ತಗ್ಗುತ್ತ ಹೋಗುತ್ತವೆ.

ಎತ್ತರಕ್ಕೂ ವೇಗಕ್ಕೂ ಇರುವ ಸಂಬಂಧ ಸ್ವಾರಸ್ಯಕರವಾದುದು. 10 ಮೀಟರ್ ಇಳಿದ ಬಂಡಿ ಗಂಟೆಗೆ ಸುಮಾರು 50 ಕಿಲೋಮೀಟರು ವೇಗವನ್ನು ಪಡೆಯುತ್ತದೆ. ವೇಗ ಎರಡರಷ್ಟಾಗಿ 100 ಕಿಲೋಮೀಟರು ಆಗಬೇಕಾದರೆ ಎತ್ತರ ನಾಲ್ಕರಷ್ಟಾಗಿ 40 ಮೀಟರ್ ಬೇಕು. ಅಮೆರಿಕದ ಒಹಾಯೋ ಪ್ರಾಂತದಲ್ಲಿ 2000ನೆಯ ಇಸವಿಯಲ್ಲಿ ತೆರೆದ ‘ಮಿಲೇನಿಯಮ್ ಫೋರ್ಸ್’ ಎಂಬ ಯಂತ್ರದ ಮೊದಲ ಇಳಿತ 300 ಅಡಿ, ಸುಮಾರು 91 ಮೀಟರ್. ಲೆಕ್ಕದ ಪ್ರಕಾರ ಅದರ ಬುಡದಲ್ಲಿ ವೇಗ ಗಂಟೆಗೆ 152 ಕಿಲೋಮೀಟರು ಆಗಬೇಕು. ಅದರವರು ಹೇಳುವುದು ಸುಮಾರು 150. ಮೊದಲ ಇಳಿತದಲ್ಲಿ ಉಜ್ಜಾಟದ ಸುಂಕ ಎಷ್ಟು ಅಲ್ಪವೆಂಬುದು ಇದರಿಂದ ಗೊತ್ತಾಗುತ್ತದೆ.

ಇಳಿಜಾರಿನ ಆಕಾರದಲ್ಲಿಯೂ ಶಿಲ್ಪಿಯ ಕೈ ಎರಡು ಕಡೆ ಪರೀಕ್ಷೆಗೊಳಗಾಗುತ್ತದೆ. ಒಂದು ಶಿಖರದಲ್ಲಿ, ಇನ್ನೊಂದು ಬುಡದಲ್ಲಿ. ಬೆಟ್ಟದಿಂದ ಎಸೆದ ಕಲ್ಲು ಒಂದು ಬಾಗಿದ ದಾರಿಯಲ್ಲಿ ಬೀಳುತ್ತದೆಯಷ್ಟೆ. ಹಳಿ ಅದೇ ಬಾಗಿನಲ್ಲಿದ್ದರೆ ಸವಾರನಿಗೆ ತನ್ನ ತೂಕವೇ ಮಾಯವಾದಂತೆ ತೋರುತ್ತದೆ; ಹಳಿ ಇನ್ನೂ ಕಡಿದಾಗಿ ಬಾಗಿದರೆ ಆಸನ ಕೆಳಗೆ ಹೋಗಿ ಸವಾರ ಮೇಲೆ ಉಳಿಯುತ್ತಾನೆ, ಕಟ್ಟುಪಟ್ಟಿಯೊಂದೇ ಅವನನ್ನು ಹಿಡಿದಿಡುತ್ತದೆ. ಆಗ ಬಂಡಿಯೇ ಹಳಿಯಿಂದ ಏಳಬಾರದಲ್ಲ? ಅದಕ್ಕಾಗಿ ಮಿಲ್ಲರನೇ 1919ರಲ್ಲಿ ಹಳಿಯ ಅಡಿಗೂ ಗಾಲಿಗಳನ್ನಿಡುವ ಉಪಾಯಕ್ಕೆ ಹಕ್ಕುಪತ್ರ ಪಡೆದ. ಹಳಿಯ ಮೇಲೊಂದು, ಪಕ್ಕಕ್ಕೊಂದು, ಅಡಿಗೊಂದು, ಹೀಗೆ ಮೂರು ಕಡೆಯ ಗಾಲಿಗಳು ಹಳಿಯನ್ನು ಮುಷ್ಟಿಯಲ್ಲಿ ಹಿಡಿದಂತೆ ಹಿಡಿದುಕೊಂಡ ಮೇಲೆಯೇ ಕಡಿದಾದ ಇಳಿತಗಳು ಸಾಧ್ಯವಾದದ್ದು.

ಮುಂದಿನ ಸಾಲಿನಲ್ಲಿ ಕೂರುವುದು ಹೆಚ್ಚು ಭಯಂಕರವೋ ಹಿಂದಿನ ಸಾಲಿನಲ್ಲೋ ಎಂದು ಮಕ್ಕಳು ಜಗಳವಾಡುತ್ತಾರೆ. ಮುಂದಿನ ಬಂಡಿ ಶಿಖರವನ್ನು ದಾಟಿದರೂ ಹಿಂದಿನವು ಇನ್ನೂ ಏರಿನಲ್ಲಿ ಇರುವುದರಿಂದ ಅದು ಕ್ಷಣಕಾಲ ಅಂಚಿನಲ್ಲಿ ತೂಗುತ್ತದೆ. ಅರ್ಧಕ್ಕಿಂತ ಹೆಚ್ಚು ಭಾರ ಆಚೆಗೆ ದಾಟಿದ ಮೇಲೆಯೇ ವೇಗ ಬರುವುದು. ಕೊನೆಯ ಬಂಡಿ ಶಿಖರಕ್ಕೆ ಬರುವಾಗ ಇಡಿಯ ಸಾಲು ಆಗಲೇ ಓಡತೊಡಗಿರುವುದರಿಂದ ಅದು ಅಂಚಿನಾಚೆಗೆ ಸೆಳೆದೊಯ್ಯಲ್ಪಡುತ್ತದೆ. ಮುಂದಿನವನಿಗೆ ಪಾತಾಳದ ದರ್ಶನ, ಹಿಂದಿನವನಿಗೆ ಪಾತಾಳದ ಸೆಳೆತ, ಜಗಳ ತೀರುವಂಥದಲ್ಲ.

ಬುಡದಲ್ಲಿ ಬೇರೆಯೇ ಕಷ್ಟ. 40 ಮೀಟರ್ ಇಳಿದು ಬಂದ ಬಂಡಿಯನ್ನು 40 ಮೀಟರ್ ತ್ರಿಜ್ಯದ ಬಾಗಿನಲ್ಲಿ ಮೇಲಕ್ಕೆ ತಿರುಗಿಸಿದರೆ ಸವಾರನಿಗೆ ತನ್ನ ತೂಕ ಮೂರರಷ್ಟಾದಂತೆ ಅನ್ನಿಸುತ್ತದೆ: 60 ಕಿಲೋ ತೂಕದವನು 180 ಕಿಲೋ. ತ್ರಿಜ್ಯವನ್ನು ಅರ್ಧಕ್ಕಿಳಿಸಿದರೆ ಐದರಷ್ಟು. ಕತ್ತು ಬಾಗಿಹೋದೀತು, ಕಣ್ಣು ಕತ್ತಲಿಟ್ಟೀತು. ಆದ್ದರಿಂದ ಇಳಿತ ಹೆಚ್ಚಿದಂತೆ ಬುಡವೂ ವಿಶಾಲವಾಗಬೇಕು. ಬಾಗು ಒಮ್ಮೆಲೇ ಮೊದಲಾಗಬಾರದು. ಮೆಲ್ಲನೆ ತೊಡಗಿ, ಬಿಗಿಯಾಗಿ, ಮತ್ತೆ ಮೆಲ್ಲನೆ ಸಡಿಲಬೇಕು.

ಕೂಡಿಟ್ಟದ್ದನ್ನೆಲ್ಲ ಹೀಗೆ ದಿಬ್ಬದಿಂದ ದಿಬ್ಬಕ್ಕೆ ಖರ್ಚು ಮಾಡುತ್ತ ಬಂದು, ಉಳಿದ ಸ್ವಲ್ಪವನ್ನು ಕೊನೆಯಲ್ಲಿ ತಡೆಗೆ ಒಪ್ಪಿಸಬೇಕು. ಈಚಿನ ಅನೇಕ ಯಂತ್ರಗಳಲ್ಲಿ ಅದಕ್ಕೆ ಅಯಸ್ಕಾಂತಗಳಿವೆ. ಬಂಡಿಯಡಿಯ ಲೋಹದ ರೆಕ್ಕೆ ಅಯಸ್ಕಾಂತಗಳ ನಡುವೆ ಹಾಯುವಾಗ ರೆಕ್ಕೆಯಲ್ಲಿ ಹುಟ್ಟುವ ವಿದ್ಯುತ್ ಸುಳಿಗಳೇ ಅದನ್ನು ಹಿಂದಕ್ಕೆ ಹಿಡಿಯುತ್ತವೆ. ಊರಿಗೆಲ್ಲ ಕರೆಂಟು ಹೋದರೂ ಈ ತಡೆ ಕೈಕೊಡದು. ಆದರೆ ವೇಗ ಕುಗ್ಗಿದಷ್ಟೂ ಅದರ ಹಿಡಿತವೂ ಕುಗ್ಗುವುದರಿಂದ, ಪೂರ್ತಿ ನಿಲ್ಲಿಸಲು ಉಜ್ಜುವ ತಡೆಯೂ ಜೊತೆಗಿರುತ್ತದೆ.

ಘಟ್ಟವನ್ನಿಳಿಯುವ ಲಾರಿಗೆ ಈ ಸೌಕರ್ಯವಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ರೋಲರ್ ಕೋಸ್ಟರಿನ ಬಂಡಿ ತನ್ನ ಎತ್ತರವನ್ನು ಓಟದಲ್ಲಿ ಖರ್ಚು ಮಾಡಬಹುದು. ರಸ್ತೆಯ ಲಾರಿ ಅದನ್ನೆಲ್ಲ ಓಟವಾಗಿಸಿದರೆ ಮುಂದಿನ ತಿರುವಿನಲ್ಲಿ ಕಣಿವೆಯ ಪಾಲು. 16 ಟನ್ ತೂಗುವ ಲಾರಿ 500 ಮೀಟರ್ ಎತ್ತರ ಇಳಿಯುವಾಗ ಕಳೆಯಬೇಕಾದ ಶಕ್ತಿ ಸುಮಾರು 250 ಲೀಟರು ತಣ್ಣೀರನ್ನು ಕುದಿಸುವಷ್ಟು. ಬರಿಯ ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ ಅಷ್ಟು ಕಾವೂ ಬ್ರೇಕಿನ ಪಟ್ಟಿಗಳಿಗೆ ಏರುತ್ತದೆ. ಕಾದ ಪಟ್ಟಿ ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗ ಹಾಕುವ ಗೇರಿನಲ್ಲಿಯೇ ಇಳಿಯಬೇಕೆಂದು ಅನುಭವಸ್ಥ ಚಾಲಕರು ಹೇಳುವ ಮಾತಿನಲ್ಲಿ ಇಷ್ಟು ಶಾಸ್ತ್ರವಿದೆ: ಕಾವಿನ ದೊಡ್ಡ ಪಾಲನ್ನು ಎಂಜಿನ್ನು ಹೊರಲಿ, ಬ್ರೇಕು ಆಪತ್ತಿಗೆ ಉಳಿಯಲಿ ಎಂದು. ಡೀಸೆಲ್ ಉಳಿಸಲೆಂದು ಗೇರು ತಪ್ಪಿಸಿ ಘಟ್ಟವನ್ನಿಳಿಯುವವನು ಏರುವಾಗ ಕೂಡಿಟ್ಟ ಸಂಪತ್ತಿಗೆ ಕಾವಲನ್ನೇ ತೆಗೆದುಬಿಟ್ಟಂತೆ.

ವಿನೋದದ ಯಂತ್ರಕ್ಕೂ ಕಾವಲು ಬೇಕು. ಪ್ರತಿದಿನ ಮುಂಜಾನೆ ಜನರನ್ನು ಕೂರಿಸುವ ಮೊದಲು ಖಾಲಿ ಬಂಡಿಯನ್ನು ಓಡಿಸಿ ನೋಡುವುದು, ಹೊಸ ಯಂತ್ರವಾದರೆ ನೀರು ತುಂಬಿದ ಗೊಂಬೆಗಳನ್ನು ಕೂರಿಸಿ ಪರೀಕ್ಷಿಸುವುದು, ಸರಪಳಿ, ಕೊಕ್ಕೆ, ಕಟ್ಟುಪಟ್ಟಿಗಳನ್ನು ಒಬ್ಬೊಬ್ಬರಾಗಿ ಮುಟ್ಟಿ ನೋಡುವುದು, ಇವೆಲ್ಲ ಒಳ್ಳೆಯ ಉದ್ಯಾನಗಳ ನಿತ್ಯಕರ್ಮ. ಅದು ತಪ್ಪಿದಲ್ಲಿ ಬೆಲೆ ತೆರುವವರು ಏನೂ ಅರಿಯದ ಸವಾರರು. 2025ರ ಏಪ್ರಿಲ್ ತಿಂಗಳಲ್ಲಿ ದೆಹಲಿಯ ಉದ್ಯಾನವೊಂದರಲ್ಲಿ ರೋಲರ್ ಕೋಸ್ಟರಿನಿಂದ ಬಿದ್ದು ತರುಣಿಯೊಬ್ಬಳು ತೀರಿಕೊಂಡ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ನಮ್ಮ ಜಾತ್ರೆಗಳಲ್ಲಿ ಒಂದು ರಾತ್ರಿಯಲ್ಲಿ ಎದ್ದು ನಿಲ್ಲುವ ತೊಟ್ಟಿಲುಗಳಿಗೂ ಈ ಮಾತು ಸಲ್ಲುತ್ತದೆ. ಅವು ಚಿಕ್ಕವೆಂದು ಅಲಕ್ಷ್ಯ ಮಾಡುವಂತಿಲ್ಲ. ಹತ್ತು ಮೀಟರ್ ಎತ್ತರ ಕೊಡುವ ವೇಗವೆಷ್ಟೆಂದು ಆಗಲೇ ಹೇಳಿದೆ.

ಆದ್ದರಿಂದ ನಿಮ್ಮ ಮನೆಯ ಮಕ್ಕಳು ಪ್ರವಾಸಕ್ಕೆ ಹೊರಟಾಗ ಹೆದರಿಸಿ ತಡೆಯಬೇಡಿರಿ. ಚೆನ್ನಾಗಿ ಕಟ್ಟಿ, ಚೆನ್ನಾಗಿ ಕಾಯ್ದ ಯಂತ್ರದ ಮೇಲೆ ಕುಳಿತು ಬರುವುದು ಒಂದು ಪಾಠವೇ ಸರಿ. ಕಟ್ಟುಪಟ್ಟಿ ಬಿಗಿಯಾಗಿ ಕೂತಿದೆಯೇ ಎಂದು ಜಗ್ಗಿ ನೋಡಲು ಹೇಳಿರಿ. ಸಡಿಲವೆನಿಸಿದರೆ ನಾಚಿಕೊಳ್ಳದೆ ಕೈಯೆತ್ತಿ ಕೇಳಲು ಹೇಳಿರಿ. ಬಂಡಿ ಮೇಲೇರುವಾಗ ಕಣ್ಣು ಮುಚ್ಚಿದರೂ ಚಿಂತೆಯಿಲ್ಲ, ಕಿವಿಯನ್ನು ಮಾತ್ರ ತೆರೆದಿಟ್ಟುಕೊಳ್ಳಲಿ. ಅಡಿಯಲ್ಲಿ ಟಕ್ ಟಕ್ ಎಂದು ಕೇಳುವ ಆ ಸದ್ದು ಯಾವುದೆಂದು ಅವರಿಗೆ ಈಗ ನೀವೇ ಹೇಳಬಲ್ಲಿರಿ.